ಮನೆಯ ಸಿರಿಯೂ ವಿದ್ಯಾನಿಲಯದ ಆಯ್ಕೆಯೂ

ಪ್ರತಿ ವರ್ಷವೂ ಬೇಸಗೆಯ ಬಿಸಿಲು ಏರುತ್ತಿರುವಾಗ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶಗಳು ಹೊರಬೀಳುವುವು. ಅಂದಿನಿಂದ ಮುಂದಿನ ಎರಡು ತಿಂಗಳು ನಮ್ಮ ನಾಡಿನ ಸಹಸ್ರಾರು ಮನೆಗಳಲ್ಲಿ ಒಂದೇ ಮಾತು: ಮಗನನ್ನು, ಮಗಳನ್ನು ಮುಂದೆ ಎಲ್ಲಿಗೆ ಕಳುಹಿಸುವುದು? ಒಂದು ಮನೆಯಲ್ಲಿ ತಂದೆಯು ಬಾಸ್ಟನ್ ನಗರದ ಮಾತೆತ್ತುವನು; ತಾಯಿಯು ಅಷ್ಟು ದೂರ ಬೇಡ, ಬೆಂಗಳೂರಿನ ಹೊರವಲಯದ ಖಾಸಗಿ ವಿಶ್ವವಿದ್ಯಾನಿಲಯವೇ ಸಾಕೆನ್ನುವಳು. ಅದೇ ಬೀದಿಯ ಇನ್ನೊಂದು ಮನೆಯಲ್ಲಿ ಕೇಳುವ ಪ್ರಶ್ನೆ ಇಷ್ಟೇ: ಬೆಳಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರುವಷ್ಟು ದೂರದಲ್ಲಿ ಸರ್ಕಾರಿ ಕಾಲೇಜು ಯಾವುದುಂಟು? ಎರಡು ಮನೆಗಳ ಮಕ್ಕಳು ಪಡೆದ ಅಂಕಗಳು ಒಂದೇ ಆಗಿರಬಹುದು. ಮುಂದೆ ಕೇಳಿದರೆ ಇಬ್ಬರೂ ‘ನಮಗೆ ಇಷ್ಟವಾದ ಕಡೆ ಸೇರಿದೆವು’ ಎಂದೇ ಹೇಳುವರು. ಈ ‘ಇಷ್ಟ’ವೆಂಬ ಮಾತನ್ನು ಸ್ವಲ್ಪ ಬಿಚ್ಚಿ ನೋಡಬೇಕೆಂಬುದು ಇಂದಿನ ನಮ್ಮ ಉದ್ದೇಶ.

‘ದುಡ್ಡೇ ದೊಡ್ಡಪ್ಪ, ವಿದ್ಯೆ ಅದರಪ್ಪ’ ಎಂಬುದು ನಮ್ಮ ಹಿರಿಯರ ಗಾದೆ. ಅವರು ವಿದ್ಯೆಯನ್ನು ದುಡ್ಡಿಗಿಂತ ಒಂದು ತಲೆಮಾರು ಮೇಲೆ ಕೂರಿಸಿದ್ದರು. ಇಂದಾದರೋ ಆ ದೊಡ್ಡಪ್ಪನು ತನ್ನ ಅಪ್ಪನ ವಾಸ ಯಾವ ಮನೆಯಲ್ಲಿ ಎಂಬುದನ್ನು ತಾನೇ ಗೊತ್ತುಮಾಡತೊಡಗಿದ್ದಾನೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ಶ್ರೀಮಂತರ ಮಕ್ಕಳು ಪ್ರತಿಷ್ಠಿತ ವಿದ್ಯಾನಿಲಯಗಳನ್ನೂ ಬಡವರ ಮಕ್ಕಳು ಸಮೀಪದ ಸಾರ್ವಜನಿಕ ವಿದ್ಯಾನಿಲಯಗಳನ್ನೂ ಬಯಸುವುದು ಬಹುಮಟ್ಟಿಗೆ ಅಭಿರುಚಿಯ ಭೇದದಿಂದಲ್ಲ. ಮನೆಯ ಸಿರಿಯೇ ಬಯಕೆಯ ರೂಪವನ್ನು ತಾಳಿ ಮಾತನಾಡುತ್ತದೆ. ಇದರಿಂದ ಬಡವನ ಮಗುವಿಗೆ ಆಗುವ ನಷ್ಟ ಒಂದು. ಸಿರಿವಂತರು ಬಿಟ್ಟುಹೋದ ಸಾರ್ವಜನಿಕ ವಿಶ್ವವಿದ್ಯಾನಿಲಯಕ್ಕೆ ಆಗುವ ನಷ್ಟ ಇನ್ನೊಂದು. ಎರಡನೆಯದು ಹೆಚ್ಚು ದಾರುಣವಾದುದು. ಆದರೆ ಅದನ್ನು ಕುರಿತು ಮಾತನಾಡುವವರು ಕಡಮೆ.

ಸಿರಿಯು ಮಗುವಿಗೆ ಕೊಡಿಸುವುದು ಶುಲ್ಕದ ಹಣವನ್ನು ಮಾತ್ರವೇ ಅಲ್ಲ. ಅದು ಸೋಲುವ ಸ್ವಾತಂತ್ರ್ಯವನ್ನು ಕೊಡಿಸುತ್ತದೆ. ಉಳ್ಳವನ ಮಗನು ಒಂದು ವರ್ಷ ಕೆಟ್ಟರೆ ಮತ್ತೊಂದು ವರ್ಷ ಪರೀಕ್ಷೆಗೆ ಕೂರುವನು. ಹಿಡಿದ ವಿಷಯ ಒಗ್ಗದಿದ್ದರೆ ಬಿಟ್ಟು ಬೇರೊಂದನ್ನು ಹಿಡಿಯುವನು. ಇಲ್ಲದವನ ಮಗಳಿಗೆ ಒಂದು ವರ್ಷವೆಂದರೆ ಒಂದು ವರ್ಷದ ಸಂಪಾದನೆ, ತಮ್ಮನ ಓದು, ಮನೆಯ ಸಾಲದ ಬಡ್ಡಿ. ಸಿರಿಯು ತಿಳುವಳಿಕೆಯನ್ನೂ ಕೊಡಿಸುತ್ತದೆ. ಯಾವ ಅರ್ಜಿಯನ್ನು ಯಾವ ತಿಂಗಳು ಹಾಕಬೇಕು, ಯಾವ ವಿದ್ಯಾರ್ಥಿವೇತನಕ್ಕೆ ಯಾರನ್ನು ಕಾಣಬೇಕು ಎಂಬುದು ಒಂದು ಮನೆಯಲ್ಲಿ ಊಟದ ಹೊತ್ತಿನ ಮಾತಾಗಿದ್ದರೆ, ಇನ್ನೊಂದು ಮನೆಯಲ್ಲಿ ಅದನ್ನು ಬಲ್ಲವರೇ ಇರುವುದಿಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಹೇಳಿಸಿಕೊಂಡು ಬೆಳೆದ ಮಗುವು ಕ್ರಮೇಣ ತನ್ನ ಕಾಲಿನ ಉದ್ದವೇ ಅಷ್ಟೆಂದು ನಂಬಿಬಿಡುತ್ತದೆ.

ಇದು ಬರಿಯ ಊಹೆಯ ಮಾತಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯವು ಆ ರಾಜ್ಯದ ಸಾರ್ವಜನಿಕ ವಿದ್ಯಾಸಂಸ್ಥೆ, ಲೋಕವಿಖ್ಯಾತವಾದುದು. ಬುದ್ಧಿವಂತರಾದ ಬಡ ಮಕ್ಕಳಿಗೆ ಅಲ್ಲಿ ಧನಸಹಾಯ ಮೊದಲಿನಿಂದಲೂ ಉಂಟು. ಆದರೂ ಅವರು ಅರ್ಜಿಯನ್ನೇ ಹಾಕುತ್ತಿರಲಿಲ್ಲ. ಅವರಿಗೆ ಅಲ್ಲಿ ಇಷ್ಟವಿಲ್ಲವೆಂದು ಯಾರಾದರೂ ತೀರ್ಮಾನಿಸಬಹುದಾಗಿತ್ತು. ೨೦೧೫ರಲ್ಲಿ ಆರಂಭವಾದ ಒಂದು ಪ್ರಯೋಗದಲ್ಲಿ ಇಂಥ ಮಕ್ಕಳಲ್ಲಿ ಕೆಲವರ ಮನೆಗಳಿಗೆ ಒಂದು ಪತ್ರವನ್ನು ಕಳುಹಿಸಿದರು. ನಿಮಗೆ ಪ್ರವೇಶ ದೊರೆತರೆ ನಾಲ್ಕು ವರ್ಷವೂ ಬೋಧನಾ ಶುಲ್ಕವಿಲ್ಲ ಎಂಬ ಮುಂಗಡದ ವಾಗ್ದಾನವೇ ಆ ಪತ್ರದ ಸಾರ. ಬಹುಮಟ್ಟಿಗೆ ಇದು ಮೊದಲೇ ಅವರಿಗೆ ಸಲ್ಲತಕ್ಕ ಸಹಾಯವೇ ಆಗಿತ್ತು. ಹೊಸದಾಗಿ ಬಂದುದು ಭರವಸೆಯೊಂದೇ. ಪರಿಣಾಮವೇನಾಯಿತು? ಪತ್ರ ಬಾರದ ಮಕ್ಕಳಲ್ಲಿ ನೂರಕ್ಕೆ ೨೬ ಮಂದಿ ಅರ್ಜಿ ಹಾಕಿದರೆ, ಪತ್ರ ಬಂದವರಲ್ಲಿ ನೂರಕ್ಕೆ ೬೮ ಮಂದಿ ಹಾಕಿದರು. ಸೇರಿದವರ ಪ್ರಮಾಣ ನೂರಕ್ಕೆ ೧೨ರಿಂದ ೨೭ಕ್ಕೇರಿತು. ಒಂದು ಹಾಳೆಯ ಕಾಗದದಿಂದ ಮಕ್ಕಳ ‘ಇಷ್ಟ’ವು ಇಷ್ಟು ಬದಲಾಯಿತಾದರೆ, ಮೊದಲಿದ್ದುದನ್ನು ಇಷ್ಟವೆಂದು ಕರೆಯುವುದು ಹೇಗೆ? ಅದು ಭಯ, ಮರ್ಯಾದೆಯ ಉಡುಪನ್ನು ತೊಟ್ಟ ಭಯ.

ಈ ಮಾತನ್ನು ನಾವು ಸ್ವಾನುಭವದಿಂದಲೂ ಹೇಳಬಲ್ಲೆವು. ನಾವು ಪಾಠಶಾಲೆಯಲ್ಲಿ ಅಕ್ಷರ ಕಲಿತು ಮೆಟ್ರಿಕ್ಯುಲೇಷನ್ ಮುಗಿಸಿದವರು. ವಿಶ್ವವಿದ್ಯಾನಿಲಯದ ನಿಲುವಂಗಿಯನ್ನು ತೊಟ್ಟವರಲ್ಲ. ಏಕೆ ಮುಂದೆ ಓದಲಿಲ್ಲವೆಂದು ಕೇಳಿದವರಿಗೆಲ್ಲ ‘ನಮ್ಮ ಒಲವು ಪತ್ರಿಕೆಯ ಕೆಲಸದ ಕಡೆಗೇ ಇತ್ತು’ ಎಂದು ಬಹುಕಾಲ ಹೇಳುತ್ತ ಬಂದೆವು. ಹೇಳುತ್ತ ಹೇಳುತ್ತ ನಾವೇ ಅದನ್ನು ನಂಬಿದೆವು. ಮನೆಯಲ್ಲಿ ಆಗ ಹಣವಿರಲಿಲ್ಲವೆಂಬ ಸರಳವಾದ ಸತ್ಯವನ್ನು ಒಪ್ಪಿಕೊಳ್ಳಲು ತಲೆ ನರೆಯಬೇಕಾಯಿತು. ನಮ್ಮ ವಾಚಕರಲ್ಲಿ ಅನೇಕರು ಈ ಮಾತನ್ನು ಓದಿ ತಮ್ಮೊಳಗೆ ತಾವೇ ತಲೆದೂಗುವರೆಂದು ಬಲ್ಲೆವು.

ಹಾಗಾದರೆ ಸಿರಿವಂತರ ಬಯಕೆಯ ಕಥೆ ಏನು? ಅಮೆರಿಕದಲ್ಲಿ ಹಾರ್ವರ್ಡ್, ಯೇಲ್ ಮೊದಲಾದ ಹನ್ನೆರಡು ಪರಮ ಪ್ರತಿಷ್ಠಿತ ಖಾಸಗಿ ವಿದ್ಯಾನಿಲಯಗಳನ್ನು ಕುರಿತು, ದೆಹಲಿಯಲ್ಲಿ ಜನಿಸಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿಯವರೂ ಅವರ ಸಹೋದ್ಯೋಗಿಗಳಾದ ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಎಂಬವರೂ ೨೦೨೩ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಪ್ರವೇಶ ಪರೀಕ್ಷೆಯಲ್ಲಿ ಸಮಾನ ಅಂಕಗಳನ್ನು ಪಡೆದ ಮಕ್ಕಳಲ್ಲಿ, ಮಧ್ಯಮ ವರ್ಗದ ಮಗುವಿಗಿಂತ ಅತಿ ಶ್ರೀಮಂತ ನೂರಕ್ಕೊಂದು ಪಾಲಿನ ಮನೆಯ ಮಗುವು ಈ ವಿದ್ಯಾನಿಲಯಗಳನ್ನು ಸೇರುವ ಸಂಭವವು ಎರಡರಷ್ಟಕ್ಕೂ ಮಿಗಿಲಾದುದೆಂದು ಅವರು ತೋರಿಸಿದರು. ಕಾರಣಗಳು ಮುಖ್ಯವಾಗಿ ಮೂರು: ತಂದೆತಾಯಿಗಳು ಅಲ್ಲಿಯೇ ಓದಿದವರೆಂಬ ವಂಶಪಾರಂಪರ್ಯದ ಆದರ, ದುಬಾರಿಯಾದ ಶಾಲೆಗಳು ಮಕ್ಕಳಿಗೆ ಕಟ್ಟಿಕೊಡುವ ಪಾಠೇತರ ಹಿರಿಮೆ, ಮತ್ತು ಕ್ರೀಡಾಪಟುಗಳಿಗೆ ಮೀಸಲಾದ ಪ್ರವೇಶ. ಆದರೆ ಅದೇ ದೇಶದ ಶ್ರೇಷ್ಠ ರಾಜ್ಯ ವಿಶ್ವವಿದ್ಯಾನಿಲಯಗಳಲ್ಲಿ ಸಿರಿವಂತರ ಕಡೆಗೆ ಇಂಥ ವಾಲಿಕೆ ಕಾಣಬರಲಿಲ್ಲ. ಇನ್ನೂ ವಿಚಾರಯೋಗ್ಯವಾದ ಮಾತೊಂದುಂಟು. ಈ ಹನ್ನೆರಡರಲ್ಲಿ ಓದಿದವನ ಸಂಪಾದನೆಯು ಸರಾಸರಿಯಲ್ಲಿ ಉತ್ತಮ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಓದಿದವನದಕ್ಕಿಂತ ಹೆಚ್ಚೇನೂ ಭಿನ್ನವಲ್ಲವಂತೆ. ಆದರೆ ಸಮಾಜದ ತುತ್ತತುದಿಯ ಸ್ಥಾನಗಳಿಗೂ ಹೆಸರಾಂತ ಸಂಸ್ಥೆಗಳಿಗೂ ಏರುವ ಸಂಭವವು ಬಹಳ ಹೆಚ್ಚಂತೆ. ಅಂದರೆ ಆ ಬಾಗಿಲಿನಲ್ಲಿ ಮುಖ್ಯವಾಗಿ ದೊರೆಯುವುದು ಅಧಿಕಾರದ ಸಹವಾಸ. ಶ್ರೀಮಂತರು ಅಲ್ಲಿಗೆ ನುಗ್ಗುವುದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ದೇಶದ ಸ್ಥಿತಿಯು ಇದಕ್ಕಿಂತ ವಿಚಿತ್ರವಾದುದು. ಇಲ್ಲಿಯ ಶ್ರೀಮಂತರಿಗೆ ‘ಸರ್ಕಾರಿ’ ಎಂಬ ಪದದಲ್ಲಿಯೇ ಹೇವರಿಕೆ ಇದೆಯೆಂದು ತಿಳಿದರೆ ತಪ್ಪು. ಐ.ಐ.ಟಿ.ಗಳು ಸರ್ಕಾರದವು; ಸರ್ಕಾರಿ ವೈದ್ಯಕೀಯ ಕಾಲೇಜುಗಳು ಸರ್ಕಾರದವು. ಅವುಗಳ ಒಂದೊಂದು ಸ್ಥಾನಕ್ಕಾಗಿಯೂ ಉಳ್ಳವರು ಮಕ್ಕಳನ್ನು ಎಳವೆಯಿಂದಲೇ ತರಬೇತಿ ಶಾಲೆಗಳಿಗೆ ಹಾಕಿ, ಲಕ್ಷಗಟ್ಟಲೆ ಸುರಿದು, ರಾಜಸ್ಥಾನದ ಕೋಟಾ ನಗರದವರೆಗೂ ಕಳುಹಿಸುವರು. ೨೦೧೬ರಲ್ಲಿ ಐ.ಐ.ಟಿ.ಗಳ ವಾರ್ಷಿಕ ಬೋಧನಾ ಶುಲ್ಕವು ೯೦,೦೦೦ ರೂಪಾಯಿಗಳಿಂದ ೨ ಲಕ್ಷಕ್ಕೇರಿದಾಗ, ಪರಿಶಿಷ್ಟ ಜಾತಿ ಪಂಗಡಗಳವರಿಗೂ ಅತಿ ಬಡವರಿಗೂ ಪೂರ್ಣ ವಿನಾಯಿತಿಯನ್ನಿತ್ತರು, ಅದು ಯುಕ್ತವೇ. ಆದರೆ ಬಾಗಿಲಿನ ಒಳಗಣ ಶುಲ್ಕಕ್ಕೆ ವಿನಾಯಿತಿಯುಂಟು, ಬಾಗಿಲನ್ನು ಮುಟ್ಟಿಸುವ ತರಬೇತಿಯ ಖರ್ಚಿಗೆ ವಿನಾಯಿತಿಯೆಲ್ಲಿ? ಹೀಗೆ ಸಾರ್ವಜನಿಕ ಸಂಸ್ಥೆಗಳಲ್ಲಿ ಕೆನೆಯಂಥವುಗಳ ಹೊಸ್ತಿಲನ್ನು ಸಿರಿಯು ಕಾಯುತ್ತದೆ. ಉಳಿದವುಗಳ ಕಡೆಗೆ ಅದು ತಿರುಗಿಯೂ ನೋಡುವುದಿಲ್ಲ. ಆ ಉಳಿದವುಗಳೇ ನಮ್ಮ ರಾಜ್ಯ ವಿಶ್ವವಿದ್ಯಾನಿಲಯಗಳು. ನಾಡಿನ ಬಹುಸಂಖ್ಯೆಯ ಮಕ್ಕಳು ಓದತಕ್ಕವು ಇವೇ.

ಇವು ಆರಂಭದಿಂದಲೂ ಹೀಗಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರಲ್ಲಿ ಸ್ಥಾಪಿತವಾದಾಗ ಬ್ರಿಟಿಷರ ನೇರ ಆಡಳಿತದ ಹೊರಗೆ ಹುಟ್ಟಿದ ಪ್ರಥಮ ವಿಶ್ವವಿದ್ಯಾನಿಲಯವೆಂಬ ಗೌರವ ಅದರದಾಗಿತ್ತು. ಅದಕ್ಕೆ ಶ್ರಮಿಸಿದ ದಿವಾನ್ ವಿಶ್ವೇಶ್ವರಯ್ಯನವರು ತಾವೇ ಬಾಲ್ಯದಲ್ಲಿ ತಂದೆಯನ್ನು ಕಳೆದುಕೊಂಡು, ಮಕ್ಕಳಿಗೆ ಮನೆಪಾಠ ಹೇಳಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಾದವರು. ಪೊದೆ ಮುಳ್ಳಿನ ದಾರಿಯಲ್ಲಿ ನಡೆದವರು ಹಿಂದೆ ಬರುವವರಿಗಾಗಿ ರಸ್ತೆ ಮಾಡಿಸಿದರು. ಸರ್ವಪಲ್ಲಿ ರಾಧಾಕೃಷ್ಣನ್ ಅವರು ೧೯೧೮ರಿಂದ ೧೯೨೧ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದರು. ಮುಂದೆ ಭಾರತರತ್ನರಾದ ವಿಜ್ಞಾನಿ ಸಿ.ಎನ್.ಆರ್. ರಾಯರು ೧೯೫೧ರಲ್ಲಿ ಪಡೆದ ಬಿ.ಎಸ್‌ಸಿ. ಪದವಿಯು ಇದೇ ವಿಶ್ವವಿದ್ಯಾನಿಲಯದ್ದು. ಅಂದಿನ ಮೈಸೂರಿನಲ್ಲಿ ಪತ್ರಿಕೋದ್ಯಮಿಗಳ ಪಿತಾಮಹರಾದ ಎಂ. ವೆಂಕಟಕೃಷ್ಣಯ್ಯನವರು ಬಡ ವಿದ್ಯಾರ್ಥಿಗಳಿಗಾಗಿ ಅನಾಥಾಲಯವನ್ನು ನಡೆಸಿದರು. ವಾರಾನ್ನದ ಹುಡುಗನು ಸೋಮವಾರ ಯಾವ ವಕೀಲರ ಮನೆಯಲ್ಲಿ ಉಣ್ಣುತ್ತಿದ್ದನೋ, ಆ ವಕೀಲರ ಮಗನ ಪಕ್ಕದಲ್ಲಿಯೇ ತರಗತಿಯಲ್ಲಿ ಕೂರುತ್ತಿದ್ದನು.

ಆ ಕಾಲವನ್ನು ಹೊಗಳಿ ಅಟ್ಟಕ್ಕೇರಿಸುವುದು ನಮ್ಮ ಉದ್ದೇಶವಲ್ಲ. ವಾರಾನ್ನದ ಎಲೆಯನ್ನು ಎಲ್ಲ ಜಾತಿಯ ಮಕ್ಕಳಿಗೂ ಹಾಸಿರಲಿಲ್ಲ. ಹೆಣ್ಣುಮಕ್ಕಳು ಬೆರಳೆಣಿಕೆಯವರು, ಹಳ್ಳಿಯವರು ಅಪರೂಪ. ಇಂದು ಜಿಲ್ಲೆ ಜಿಲ್ಲೆಗೂ ಕಾಲೇಜುಗಳಾಗಿ ಲಕ್ಷಾಂತರ ಮಕ್ಕಳು ಓದುತ್ತಿರುವುದು ಸ್ವತಂತ್ರ ಭಾರತದ ಮಹತ್ಸಾಧನೆ. ನಾವು ಎತ್ತಿ ತೋರಿಸಬಯಸುವುದು ಒಂದೇ ಸಂಗತಿಯನ್ನು. ಅಂದು ದೊಡ್ಡ ಮನೆಯ ಮಗನಿಗೂ ಊರಿನ ಸಾರ್ವಜನಿಕ ಕಾಲೇಜೇ ಗತಿಯಾಗಿದ್ದುದರಿಂದ, ಅಲ್ಲಿ ಅಧ್ಯಾಪಕರು ಬಾರದಿದ್ದರೆ, ಗ್ರಂಥಾಲಯದ ಮಾಡು ಸೋರಿದರೆ, ದೊಡ್ಡ ಮನೆಯವರೇ ದಿವಾನರ ಕಚೇರಿಗೆ ಹೋಗುತ್ತಿದ್ದರು. ಬಡವರು ಒಳಕ್ಕೆ ಬರಲು ಅವಕಾಶವಾದ ಹೊತ್ತಿಗೆ ದೊಡ್ಡ ಮನೆಯವರು ಹೊರಬಾಗಿಲಿನಿಂದ ನಡೆದುಬಿಟ್ಟರು. ಇದು ನಮ್ಮ ವಿದ್ಯಾಚರಿತ್ರೆಯ ಕಹಿಯಾದ ಅಧ್ಯಾಯ.

ಈ ನಿರ್ಗಮನದ ಮೊದಲ ಹೆಜ್ಜೆಗಳು ಬಿದ್ದುದು ನಮ್ಮ ಕರ್ನಾಟಕದಲ್ಲಿಯೇ. ಖಾಸಗಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು ‘ಕ್ಯಾಪಿಟೇಷನ್’ ಎಂಬ ತಲೆಗಂದಾಯವನ್ನು ಎತ್ತತೊಡಗಿದಾಗ ಅದನ್ನು ತಡೆಯಲು ೧೯೮೪ರಲ್ಲಿ ಶಾಸನವಾಯಿತು. ಮುಂದೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸ್ಥಾನದ ವಿದ್ಯಾರ್ಥಿಗೆ ವರ್ಷಕ್ಕೆ ೨,೦೦೦ ರೂಪಾಯಿ, ಕರ್ನಾಟಕದ ಇತರರಿಗೆ ೨೫,೦೦೦, ಹೊರಗಿನವರಿಗೆ ೬೦,೦೦೦ ಎಂಬ ಶುಲ್ಕದ ಶ್ರೇಣಿಯು ಸರ್ಕಾರದ ಆಜ್ಞೆಯಿಂದಲೇ ಏರ್ಪಟ್ಟಿತು. ಮೋಹಿನಿ ಜೈನ್ ಪ್ರಕರಣದಲ್ಲಿ, ೧೯೯೨ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಇದನ್ನು ಖಂಡಿಸಿತು. ೧೯೯೩ರ ಉನ್ನಿಕೃಷ್ಣನ್ ತೀರ್ಪಿನಿಂದ ಅರ್ಧ ಸ್ಥಾನಗಳು ಪ್ರತಿಭೆಗೆ, ಅರ್ಧ ಸ್ಥಾನಗಳು ಹೆಚ್ಚು ಶುಲ್ಕ ಕೊಡುವವರಿಗೆ ಎಂಬ ಏರ್ಪಾಡು ಬಂದಿತು. ಅದರಲ್ಲಿಯೂ, ನಗರದ ಒಳ್ಳೆಯ ಶಾಲೆಗಳಲ್ಲಿ ಓದಿದವರು ಕಡಮೆ ಶುಲ್ಕದ ಸ್ಥಾನಗಳನ್ನು ಪಡೆದು, ಹಳ್ಳಿಯಿಂದ ಬಂದವರು ಸಾಲ ಮಾಡಿ ಹೆಚ್ಚಿನ ಶುಲ್ಕವನ್ನು ತೆರುವ ವಿಪರ್ಯಾಸವನ್ನು ನಾಡು ಕಂಡಿತು. ೨೦೦೨ರಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠವು ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಆ ಏರ್ಪಾಡನ್ನು ತೆಗೆದುಹಾಕಿ ಖಾಸಗಿ ಸಂಸ್ಥೆಗಳಿಗೆ ಹೆಚ್ಚಿನ ಸ್ವಾತಂತ್ರ್ಯವನ್ನಿತ್ತಿತು. ಇಂದು ರಾಜ್ಯದಲ್ಲಿ ಖಾಸಗಿ ವಿಶ್ವವಿದ್ಯಾನಿಲಯಗಳ ಸಂಖ್ಯೆಯೇ ೨೦ನ್ನು ಮೀರಿದೆ. ಅಷ್ಟೂ ಸಾಲದವರು ಸಮುದ್ರ ದಾಟುವರು: ೨೦೨೩–೨೪ರಲ್ಲಿ ಅಮೆರಿಕದ ವಿದ್ಯಾಸಂಸ್ಥೆಗಳಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು ೩,೩೧,೬೦೨ ಮಂದಿ, ಚೀನದವರನ್ನೂ ಹಿಂದಿಕ್ಕಿದ ಸಂಖ್ಯೆಯದು. ಇವರೆಲ್ಲರೂ ಶ್ರೀಮಂತರಲ್ಲ, ಮನೆ ಹೊಲಗಳನ್ನು ಅಡವಿಟ್ಟು ಹೋದವರೂ ಉಂಟು. ತಾಯ್ನಾಡಿನ ವಿಶ್ವವಿದ್ಯಾನಿಲಯದಲ್ಲಿ ನಂಬಿಕೆ ಸತ್ತಮೇಲೆ ಬಡವನೂ ಸಾಲ ಮಾಡಿ ಶ್ರೀಮಂತನ ದಾರಿಯನ್ನೇ ಹಿಡಿಯುವನು.

ಬಿಟ್ಟುಹೋದ ಮನೆಯ ಗತಿ ಏನು? ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ. ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾನಿಲಯಗಳಲ್ಲಿ ಮಂಜೂರಾದ ಅಧ್ಯಾಪಕ ಹುದ್ದೆಗಳು ಬಹು ಸಂಖ್ಯೆಯಲ್ಲಿ ವರ್ಷಗಟ್ಟಲೆ ಖಾಲಿ ಬಿದ್ದಿವೆ. ಅತಿಥಿ ಉಪನ್ಯಾಸಕರೆಂಬ ಹೆಸರಿನಲ್ಲಿ, ನಾಳೆಯ ಭರವಸೆಯಿಲ್ಲದ ವಿದ್ಯಾವಂತರು ಪಾಠದ ಭಾರವನ್ನು ಹೊತ್ತಿರುವರು. ಈಚೆಗೆ ಜಿಲ್ಲೆಗೊಂದರಂತೆ ಹೊಸ ವಿಶ್ವವಿದ್ಯಾನಿಲಯಗಳನ್ನು ಘೋಷಿಸಿ, ಬೇಕಾದ ಧನವನ್ನು ಒದಗಿಸದೆ, ೨೦೨೫ರಲ್ಲಿ ಅವುಗಳಲ್ಲಿ ಒಂಬತ್ತನ್ನು ಮುಚ್ಚಬಹುದೆಂದು ಸಚಿವ ಸಂಪುಟದ ಉಪಸಮಿತಿಯು ಶಿಫಾರಸು ಮಾಡಿತು. ಕಟ್ಟಿದವರೊಂದು ಪಕ್ಷದವರು, ಮುಚ್ಚಹೊರಟವರು ಇನ್ನೊಂದು ಪಕ್ಷದವರು. ಈ ವಾಗ್ವಾದದಲ್ಲಿ ನಾವು ಸೇರಬಯಸುವುದಿಲ್ಲ. ನಾವು ಕೇಳುವುದೊಂದೇ: ಮಂತ್ರಿಗಳ, ಶಾಸಕರ, ಜಿಲ್ಲಾಧಿಕಾರಿಗಳ, ಊರಿನ ಸಾಹುಕಾರರ ಮಕ್ಕಳು ಆ ತರಗತಿಗಳಲ್ಲಿ ಕುಳಿತಿದ್ದರೆ, ಅಷ್ಟು ನಿರಾತಂಕವಾಗಿ ತೆರೆಯುವುದೂ ಅಷ್ಟು ನಿರಾತಂಕವಾಗಿ ಮುಚ್ಚುವುದೂ ಸಾಧ್ಯವಾಗುತ್ತಿತ್ತೆ? ಸಿರಿವಂತರು ಹೊರಟುಹೋದಾಗ ಶುಲ್ಕದ ಹಣ ಮಾತ್ರ ಹೋಗಲಿಲ್ಲ. ಸರ್ಕಾರಕ್ಕೆ ಕೇಳಿಸುವಂಥ ದನಿಯೂ ಹೋಯಿತು. ಕೇಳುವವರಿಲ್ಲದೆ ಕೆಡುತ್ತದೆ, ಕೆಟ್ಟಿದೆಯೆಂದು ಇನ್ನಷ್ಟು ಮಂದಿ ಬಿಡುವರು, ಬಿಟ್ಟುದರಿಂದ ಇನ್ನಷ್ಟು ಕೆಡುತ್ತದೆ.

ತನ್ನ ದುಡಿಮೆಯ ಹಣವನ್ನು ತನ್ನ ಮಗುವಿಗಾಗಿ ವೆಚ್ಚಮಾಡುವ ತಂದೆಯನ್ನು ದೂಷಿಸಬಹುದೆ ಎಂದು ಕೆಲವರು ಕೇಳುವರು. ಖಂಡಿತ ದೂಷಿಸಲಾಗದು, ಕೈಲಾದ ಯಾವ ತಂದೆಯೂ ಅದನ್ನೇ ಮಾಡುವನು. ರಾಜ್ಯ ವಿಶ್ವವಿದ್ಯಾನಿಲಯಗಳು ತಮ್ಮ ದೋಷಗಳಿಂದಲೇ ಕೆಟ್ಟಿಲ್ಲವೆ ಎಂದು ಇನ್ನು ಕೆಲವರು ಕೇಳುವರು. ಇದರಲ್ಲಿಯೂ ಸತ್ಯವುಂಟು. ನೇಮಕಗಳಲ್ಲಿ ಶಿಫಾರಸು, ಕುಲಪತಿಗಳ ಆಯ್ಕೆಯಲ್ಲಿ ಜಾತಿಯ ಲೆಕ್ಕ, ಕಾಲಕ್ಕೆ ಸರಿಯಾಗಿ ಹೊರಬೀಳದ ಫಲಿತಾಂಶ, ಇವುಗಳನ್ನು ನಾವು ಸಮರ್ಥಿಸಲಾರೆವು. ಆದರೆ ಶಿಫಾರಸಿಗೂ ಸೋಮಾರಿತನಕ್ಕೂ ಹೆದರಿಕೆ ಹುಟ್ಟಿಸತಕ್ಕವರು ಯಾರು? ಪ್ರಬಲರಾದ ಪೋಷಕರೇ ಅಲ್ಲವೆ? ೨೦೧೫ರಲ್ಲಿ ಅಲಹಾಬಾದ್ ಹೈಕೋರ್ಟು, ಸರ್ಕಾರದಿಂದ ವೇತನ ಪಡೆಯುವವರು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗಳಿಗೇ ಕಳುಹಿಸುವಂತೆ ವ್ಯವಸ್ಥೆಯಾಗಬೇಕೆಂದು ಆದೇಶವಿತ್ತಿತು. ಅದು ಆಚರಣೆಗೆ ಬರಲಿಲ್ಲ. ಬಲಾತ್ಕಾರದಿಂದ ಇಂಥ ಕಾರ್ಯವಾಗದೆಂದು ನಾವೂ ಬಲ್ಲೆವು. ಉಳ್ಳವರನ್ನು ಎಳೆದು ತರುವುದಲ್ಲ, ಉಳ್ಳವರೂ ಬಯಸಿ ಬರುವಂಥ ವಿಶ್ವವಿದ್ಯಾನಿಲಯವನ್ನು ಕಟ್ಟುವುದೇ ಉಪಾಯ. ಐ.ಐ.ಟಿ.ಗಳು ಅದು ಸಾಧ್ಯವೆಂಬುದಕ್ಕೆ ಸಾಕ್ಷಿ. ಒಳ್ಳೆಯದಾಗಿದ್ದರೆ ‘ಸರ್ಕಾರಿ’ ಎಂಬ ಹೆಸರು ಯಾರಿಗೂ ಅಡ್ಡಿಯಾಗದು.

ಆದುದರಿಂದ ಮೂರು ಮಾತುಗಳನ್ನು ಸಂಬಂಧಪಟ್ಟವರ ಮುಂದಿಡುವೆವು. ಮೊದಲನೆಯದು ಸರ್ಕಾರಕ್ಕೆ: ಹೊಸ ಫಲಕಗಳನ್ನು ನೆಡುವ ಮೊದಲು ಹಳೆಯ ಕೊಠಡಿಗಳಿಗೆ ಅಧ್ಯಾಪಕರನ್ನು ಕೊಡಿರಿ. ಖಾಲಿ ಹುದ್ದೆಗಳನ್ನು ಯೋಗ್ಯತೆಯೊಂದನ್ನೇ ನೋಡಿ, ಮೀಸಲಾತಿಯ ನಿಯಮಕ್ಕೆ ಭಂಗಬಾರದಂತೆ, ನಿಯಮಿತ ಕಾಲದಲ್ಲಿ ತುಂಬಿರಿ. ಎರಡನೆಯದು ವಿಶ್ವವಿದ್ಯಾನಿಲಯಗಳಿಗೆ: ಬಡ ಮಗುವು ನಿಮ್ಮ ಬಾಗಿಲಿಗೆ ಬಂದು ಹತ್ತು ಕಚೇರಿಗಳನ್ನು ಅಲೆದು ವಿದ್ಯಾರ್ಥಿವೇತನವನ್ನು ಬೇಡುವಂತೆ ಮಾಡಬೇಡಿರಿ. ಪಿ.ಯು.ಸಿ. ಓದುತ್ತಿರುವಾಗಲೇ, ಇಷ್ಟು ಅಂಕ ಬಂದರೆ ಶುಲ್ಕವಿಲ್ಲ, ವಸತಿಯುಂಟು, ಊಟವುಂಟು ಎಂಬ ವಾಗ್ದಾನದ ಪತ್ರವನ್ನು ಕನ್ನಡದಲ್ಲಿ, ತಂದೆತಾಯಿಗಳ ಹೆಸರಿಗೆ, ಮನೆಗೆ ಕಳುಹಿಸಿರಿ. ಮಿಷಿಗನ್ನಿನಲ್ಲಿ ಒಂದು ಕಾಗದವು ಮಾಡಿದ ಕೆಲಸವನ್ನು ರಾಯಚೂರಿನಲ್ಲಿಯೂ ಚಾಮರಾಜನಗರದಲ್ಲಿಯೂ ಏಕೆ ಮಾಡದು?

ಮೂರನೆಯದು ನಾಡಿನ ಶ್ರೀಮಂತರಿಗೆ. ಜಮ್‌ಷೆಟ್ಜಿ ಟಾಟಾರವರ ದಾನ, ಮೈಸೂರಿನ ಅರಸರು ಕೊಟ್ಟ ೩೭೧ ಎಕರೆ ಭೂಮಿ, ಇವೆರಡೂ ಕೂಡಿ ೧೯೦೯ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವು ಹುಟ್ಟಿತು. ಒಂದು ಶತಮಾನದ ಬಳಿಕ, ೨೦೧೦ರಲ್ಲಿ, ಟಾಟಾ ಸಮೂಹವೂ ಅದರ ದತ್ತಿಗಳೂ ಹಾರ್ವರ್ಡಿನ ವಾಣಿಜ್ಯ ವಿದ್ಯಾಲಯಕ್ಕೆ ೫ ಕೋಟಿ ಡಾಲರುಗಳನ್ನು ಕೊಟ್ಟವು. ಮನೆಯಲ್ಲಿಯೂ ಕೊಡುವವರಿಲ್ಲವೆಂದಲ್ಲ: ೨೦೨೨ರಲ್ಲಿ ಅದೇ ವಿಜ್ಞಾನ ಮಂದಿರಕ್ಕೆ ಎರಡು ಕುಟುಂಬಗಳು ೪೨೫ ಕೋಟಿ ರೂಪಾಯಿಗಳನ್ನಿತ್ತವು; ೨೦೨೩ರಲ್ಲಿ ನಂದನ್ ನೀಲೇಕಣಿಯವರು ತಾವು ಓದಿದ ಮುಂಬಯಿಯ ಐ.ಐ.ಟಿ.ಗೆ ೩೧೫ ಕೋಟಿಗಳನ್ನಿತ್ತರು. ಇವು ಶ್ಲಾಘ್ಯವಾದ ದಾನಗಳು. ಆದರೆ ದಾನದ ಹೊಳೆಯೂ ಎತ್ತರಕ್ಕೇ ಹರಿಯುವುದಾದರೆ ಬಯಲಿಗೆ ನೀರೆಲ್ಲಿ? ಧಾರವಾಡದ, ಕಲಬುರಗಿಯ, ಶಿವಮೊಗ್ಗೆಯ ವಿಶ್ವವಿದ್ಯಾನಿಲಯಗಳಿಂದ ಪದವಿ ಪಡೆದು ಇಂದು ಬೆಂಗಳೂರಿನಲ್ಲಿಯೂ ವಿದೇಶದಲ್ಲಿಯೂ ಸುಖವಾಗಿರುವವರು ಸಾವಿರಾರು ಮಂದಿ ಇರುವರು. ತಮ್ಮನ್ನು ಹೊರೆದ ಆ ಕಾಲೇಜಿಗೆ ಒಮ್ಮೆ ಹೋಗಿ, ಗ್ರಂಥಾಲಯದ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆಂದು ವಿಚಾರಿಸಲಿ. ಕೊಡಲು ಹಣವಿಲ್ಲದವರು ಆ ಪ್ರಶ್ನೆಯನ್ನಾದರೂ ಗಟ್ಟಿಯಾಗಿ ಕೇಳಲಿ. ಇಂದು ಅಲ್ಲಿ ಇಲ್ಲದಿರುವುದು ಮುಖ್ಯವಾಗಿ ಕೇಳುವ ದನಿಯೇ.

ಮುಂದಿನ ಬೇಸಗೆಯಲ್ಲಿ ಮತ್ತೆ ಫಲಿತಾಂಶಗಳು ಬರುವುವು. ಒಂದೇ ಬೀದಿಯ ಎರಡು ಮನೆಗಳಲ್ಲಿ ಮತ್ತೆ ಅದೇ ಮಾತು ನಡೆಯುವುದು. ಬಡವನ ಮಗಳು ಊರಿನ ವಿಶ್ವವಿದ್ಯಾನಿಲಯವನ್ನು ಆರಿಸಲಿ. ಆದರೆ ಬೇರೆ ಗತಿಯಿಲ್ಲವೆಂದು ಆರಿಸದಿರಲಿ. ಅದು ಒಳ್ಳೆಯದೆಂದು ಆಕೆ ಆರಿಸುವ ದಿನ, ಎದುರು ಮನೆಯ ಸಾಹುಕಾರರ ಮಗನೂ ಆಕೆಯ ಹಿಂದಿನ ಸಾಲಿನಲ್ಲಿ ಅರ್ಜಿ ಹಿಡಿದು ನಿಂತಿರುವನು. ಆ ಸಾಲನ್ನು ನಮ್ಮ ಕಣ್ಣಿನಿಂದ ನೋಡಬೇಕೆಂಬುದೇ ನಮ್ಮ ಆಶೆ.